ಹಳೆಯ ಗಾಡಿಯ ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್: ಹಾಕಿಸುವ ಮುನ್ನ ಒಂದು ಮಾತು



ಕಳೆದ ಮಳೆಗಾಲದಲ್ಲಿ ತಾಳವಾಡಿ ಕಡೆಯ ನಮ್ಮ ಸದಸ್ಯರೊಬ್ಬರು ಗೊಬ್ಬರ ತರಲೆಂದು ಖಾಲಿ ಪಿಕಪ್ ಗಾಡಿಯಲ್ಲಿ ದಿಂಬಂ ಘಾಟಿ ಇಳಿಯುತ್ತಿದ್ದರು. ಒದ್ದೆ ರಸ್ತೆ. ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಗಾಡಿಯ ಹಿಂಭಾಗ ಬೀಸಿಕೊಂಡು ಹೋಗಿ ತಡೆಗೋಡೆಗೆ ಬಡಿಯಿತು. ದೇವರ ದಯೆ, ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಬೇಸರದ ಸಂಗತಿಯೆಂದರೆ ಅವರು ಬ್ರೇಕ್ ವಿಷಯದಲ್ಲಿ ಉದಾಸೀನ ಮಾಡಿದವರಲ್ಲ. ಹದಿನೈದು ದಿನದ ಹಿಂದಷ್ಟೇ ದುಡ್ಡು ಕೊಟ್ಟು, ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದ್ದರು.

ಆಮೇಲೆ ನಮ್ಮ ಸಭೆಯಲ್ಲಿ ಇದೇ ಮಾತು. ಡಿಸ್ಕ್ ಒಳ್ಳೆಯದೋ ಕೆಟ್ಟದ್ದೋ ಎಂದು ಹಲವರು ಕೇಳಿದರು. ನಾವು ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದವರು, ಗಾಡಿ ಬಿಚ್ಚಿದವರಲ್ಲ. ಆದರೂ ತಿಳಿದವರನ್ನು ಕೂರಿಸಿಕೊಂಡು ಕೇಳಿ, ಓದಿ, ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ಇದು ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುವ ಹಳೆಯ ಪಿಕಪ್, ಜೀಪು, ಸಣ್ಣ ಲಾರಿಗಳಿಗೆ ಮಾತ್ರ. ದೊಡ್ಡ ಲಾರಿಗಳ ಏರ್ ಬ್ರೇಕ್ ಬೇರೆಯದೇ ವ್ಯವಸ್ಥೆ.

ಡ್ರಮ್ಮಿಗೆ ಘಾಟಿಯಲ್ಲಿ ಏನಾಗುತ್ತದೆ?

ಬ್ರೇಕ್ ಎಂದರೆ ಗಾಡಿಯ ಓಟವನ್ನು ಶಾಖವಾಗಿ ಬದಲಿಸುವ ಸಾಧನ. 5 ಟನ್ ತೂಕದ ಗಾಡಿ 100 ಮೀಟರ್ ಎತ್ತರ ಇಳಿಯಿತೆನ್ನಿ. ಅದನ್ನು ಬರೀ ಬ್ರೇಕಿನಿಂದಲೇ ಹಿಡಿದಿಟ್ಟರೆ ಹುಟ್ಟುವ ಶಾಖದಲ್ಲಿ ಸುಮಾರು 16 ಲೀಟರ್ ತಣ್ಣೀರು ಕುದಿಯುವ ಹದಕ್ಕೆ ಬರುತ್ತದೆ. ದಿಂಬಂನಲ್ಲಿ 27 ಹೇರ್‌ಪಿನ್ ತಿರುವು, ನೀಲಗಿರಿಯ ಕಲ್ಲಟ್ಟಿಯಲ್ಲಿ 36. ಒಟ್ಟು ಶಾಖ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಡ್ರಮ್ ಬ್ರೇಕಿನಲ್ಲಿ ಶೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಮುಚ್ಚಿದ ಪಾತ್ರೆಯಂತಿರುವುದರಿಂದ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಲೈನರ್ ಮಿತಿಮೀರಿ ಕಾದರೆ ಹಿಡಿತವೇ ಕಡಿಮೆಯಾಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ. ಬೇಗ ತಣಿಯುತ್ತದೆ, ನೀರನ್ನು ಬೇಗ ಕೊಡವಿಕೊಳ್ಳುತ್ತದೆ. ಕಾದು ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹಾಗಾಗಿ ಡಿಸ್ಕ್ ಒಳ್ಳೆಯದೆಂಬ ಮಾತು ಸುಳ್ಳಲ್ಲ.

ಹಾಗಿದ್ದರೆ ಆ ಗಾಡಿ ಜಾರಿದ್ದೇಕೆ?

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹಿಂದಿನ ಚಕ್ರಗಳು ಹಗುರಾಗುತ್ತವೆ. ಆಗ ಹಿಂದೆ ಹಿಡಿತ ಹೆಚ್ಚಾದರೆ ಆ ಚಕ್ರಗಳು ತಿರುಗುವುದು ನಿಂತು ಜಾರುತ್ತವೆ, ಬಾಲ ಬೀಸುತ್ತದೆ. ಇದನ್ನು ತಪ್ಪಿಸಲೆಂದೇ ಹಿಂದಿನ ಚಕ್ರಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವ ವಾಲ್ವ್ ಇರುತ್ತದೆ. ಹಲವು ಪಿಕಪ್‌ಗಳಲ್ಲಿ ಅದು ಹಿಂದಿನ ಆಕ್ಸಲ್‌ಗೆ ಸರಳಿನಿಂದ ಜೋಡಿಸಿದ್ದು, ಲೋಡ್ ಎಷ್ಟಿದೆಯೋ ನೋಡಿಕೊಂಡು ಒತ್ತಡ ಬಿಡುತ್ತದೆ. ನಮ್ಮ ಸದಸ್ಯರ ಗಾಡಿಯಲ್ಲಿ ಡಿಸ್ಕ್ ಹಾಕುವಾಗ ಇದೇ ವಾಲ್ವ್ ತೆಗೆದು ನೇರ ಪೈಪ್ ಕೊಟ್ಟಿದ್ದರು. ಲೋಡ್ ಇದ್ದಾಗ ಬ್ರೇಕ್ ಭರ್ಜರಿಯಾಗಿ ಹಿಡಿಯಿತು. ಖಾಲಿ ಇದ್ದಾಗ, ಒದ್ದೆ ರಸ್ತೆಯಲ್ಲಿ, ಬಾಲ ಬೀಸಿತು.

ಇನ್ನೊಂದು ಮಾತು. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ಮುಂದೆ ಡ್ರಮ್ ಇಟ್ಟುಕೊಂಡು ಹಿಂದೆ ಮಾತ್ರ ಡಿಸ್ಕ್ ಹಾಕಿಸುವುದು ತಲೆಕೆಳಗಾದ ಕೆಲಸ. ಘಾಟಿಯಲ್ಲಿ ಮುಂದಿನ ಡ್ರಮ್ ಕಾದು ಸೋತಾಗ ಹಿಂದಿನದು ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ಹಾಕಿಸುವುದಾದರೆ ಮೊದಲು ಮುಂದೆ.

ಡ್ರಮ್ಮಿನ ಜೊತೆಗೆ ಬದಲಾಗಬೇಕಾದವು

ಕೆಲಸ ಮಾಡಿಸಲೇಬೇಕೆಂದಿರುವವರು ಮೆಕ್ಯಾನಿಕ್ ಬಳಿ ಈ ಪ್ರಶ್ನೆಗಳನ್ನು ಕೇಳಿ.

1. ಮಾಸ್ಟರ್ ಸಿಲಿಂಡರ್: ಡ್ರಮ್ಮಿನ ಹಲವು ಮಾಸ್ಟರ್ ಸಿಲಿಂಡರ್‌ಗಳಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಅದು ಹಾಗೇ ಉಳಿದರೆ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜಿ ಕಾಯುತ್ತದೆ. ಕ್ಯಾಲಿಪರಿನ ದೊಡ್ಡ ಪಿಸ್ಟನ್‌ಗೆ ಹೆಚ್ಚು ಆಯಿಲ್ ಬೇಕು. ಹಳೆಯ ಸಿಲಿಂಡರ್ ಅಷ್ಟನ್ನು ತಳ್ಳೀತೇ?

2. ಬೂಸ್ಟರ್: ಡ್ರಮ್ ತಿರುಗುವಾಗ ಶೂವನ್ನು ತಾನೇ ಎಳೆದುಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಹೆಚ್ಚು ಒತ್ತಡ ಬೇಕು. ಬೂಸ್ಟರ್ ಇಲ್ಲದ ಹಳೆಯ ಜೀಪಿನಲ್ಲಿ ಪೆಡಲ್ ಕಲ್ಲಿನಂತಾದೀತು.

3. ಒತ್ತಡದ ವಾಲ್ವ್: ಮೇಲೆ ಹೇಳಿದ್ದೇ. ತೆಗೆಯಬಾರದು. ಹೊಸ ಜೋಡಣೆಗೆ ಹೊಂದುವುದನ್ನು ಹಾಕಿ, ಖಾಲಿ ಮತ್ತು ಲೋಡ್ ಎರಡರಲ್ಲೂ ಬಯಲು ಜಾಗದಲ್ಲಿ ಪರೀಕ್ಷಿಸಬೇಕು.

4. ಹ್ಯಾಂಡ್‌ಬ್ರೇಕ್: ಹಿಂದಿನ ಶೂಗಳೇ ಹ್ಯಾಂಡ್‌ಬ್ರೇಕ್ ಆಗಿದ್ದರೆ, ಡ್ರಮ್ ಹೋದೊಡನೆ ಅದೂ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಸಹಿತ ಕ್ಯಾಲಿಪರ್ ಅಥವಾ ಡಿಸ್ಕಿನೊಳಗೆ ಪುಟ್ಟ ಡ್ರಮ್ ಇರುವ ಬಗೆ ಬೇಕು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಲೋಡ್ ಮಾಡುವವರಿಗೆ ಚಕ್ರಕ್ಕಿಡುವ ಕಲ್ಲೊಂದೇ ಗತಿ ಆಗಬಾರದು.

5. ರಿಮ್ಮು ಮತ್ತು ಸೀಲು: ಕ್ಯಾಲಿಪರ್ ರಿಮ್ಮಿಗೆ ತಾಗಬಾರದು. ಆಕ್ಸಲ್ ಬಿಚ್ಚಿದರೆ ಆಯಿಲ್ ಸೀಲನ್ನೂ ಹೊಸದು ಹಾಕಿಸಿ. ಒಂದು ಹನಿ ಆಯಿಲ್ ಸೋರಿದರೂ ಪ್ಯಾಡ್ ಕೆಲಸಕ್ಕೆ ಬಾರದು.

6. ಗಾಳಿ ತೆಗೆಯುವುದು: ಗಾಳಿ ಬಿಡುವ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಎಡದ್ದನ್ನು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬಂದು ಗಾಳಿ ಒಳಗೇ ಉಳಿಯುತ್ತದೆ. ಇದನ್ನು ನೀವೇ ಬಗ್ಗಿ ನೋಡಬಹುದು.

ಹಳೆಯ ಲೈನರ್ ಪುಡಿಯಲ್ಲಿ ಕಲ್ನಾರು ಇದ್ದೀತು. ಅದನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಒದ್ದೆ ಮಾಡಿ ಒರೆಸಲಿ. ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗರಿರುತ್ತಾರೆ.

ಕಾಗದಪತ್ರದ ಮಾತು

ಇದು ನಮಗೆ ಸ್ವಲ್ಪ ಗೊತ್ತಿರುವ ಕ್ಷೇತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ನೋಂದಣಿ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ನಿಮ್ಮ ಕೆಲಸ ಇದರಡಿ ಬರುತ್ತದೆಯೇ ಎಂಬುದನ್ನು ಗ್ಯಾರೇಜಿನವರ ಬಾಯಿಮಾತಿನಲ್ಲಿ ನಂಬಬೇಡಿ. ಗಾಡಿ ಯಾವ ರಾಜ್ಯದಲ್ಲಿ ನೋಂದಣಿಯಾಗಿದೆಯೋ ಅಲ್ಲಿನ ಸಾರಿಗೆ ಕಚೇರಿಗೂ ವಿಮೆಯವರಿಗೂ ಮೊದಲೇ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲಿ ಪಡೆಯಿರಿ. ದಿನವೂ ಗಡಿ ದಾಟುವ ನಮ್ಮವರ ಗಾಡಿಯಲ್ಲಿ ಆ ಪತ್ರದ ಒಂದು ಪ್ರತಿ ಇರಲಿ. ಅಪಘಾತವಾದ ಮೇಲೆ ಕಾಗದ ಹುಡುಕಿದರೆ ಸಿಗುವುದಿಲ್ಲ.

ಮೊದಲು ಮಾಡಬೇಕಾದದ್ದು

ಡಿಸ್ಕಿನ ದುಡ್ಡು ಎಣಿಸುವ ಮೊದಲು ಇರುವ ಡ್ರಮ್ಮನ್ನು ಸರಿಮಾಡಿಸಿ. ಸವೆದ ಲೈನರ್, ಸೋರುವ ವೀಲ್ ಸಿಲಿಂಡರ್, ಉಬ್ಬಿದ ರಬ್ಬರ್ ಹೋಸ್ ಬದಲಿಸಿ, ಶೂ ಅಡ್ಜಸ್ಟ್ ಮಾಡಿಸಿದರೆ ಸೋಲಾಪುರ, ಜತ್ತ, ಆದೋನಿಯಂಥ ಬಯಲುಸೀಮೆಯಲ್ಲಿ ಓಡುವ ಗಾಡಿಗೆ ಸಾಮಾನ್ಯವಾಗಿ ಅಷ್ಟೇ ಸಾಕು.

ಬ್ರೇಕ್ ಆಯಿಲ್ ಮರೆಯಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಡ್ರಮ್ ಇರಲಿ ಡಿಸ್ಕ್ ಇರಲಿ, ಅಲ್ಲಿಗೆ ಮುಗಿಯಿತು. ಎರಡು ವರ್ಷಕ್ಕೊಮ್ಮೆಯಾದರೂ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ತುಂಬಿಸಿ.

ಕೊನೆಯದಾಗಿ, ಘಾಟಿ ಇಳಿಯುವಾಗ ಗಾಡಿಯನ್ನು ಹಿಡಿಯಬೇಕಾದದ್ದು ಮೊದಲು ಗೇರು, ಆಮೇಲೆ ಬ್ರೇಕು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡಬೇಡಿ, ಎಂಜಿನ್ ಆರಿಸಬೇಡಿ. ಎಂಜಿನ್ ಆರಿದರೆ ಬೂಸ್ಟರಿನ ಬಲವೂ ಬೇಗ ಮುಗಿಯುತ್ತದೆ.

ಆ ಸದಸ್ಯರ ಗಾಡಿ ಈಗ ಮತ್ತೆ ಓಡುತ್ತಿದೆ. ವಾಲ್ವ್ ತನ್ನ ಜಾಗಕ್ಕೆ ಮರಳಿದೆ. ಎಲ್ಲರಿಗೂ ತಿಳಿಯಲಿ ಎಂದು ಈ ಸಂಗತಿ ಬರೆಯಲು ಅವರೇ ನಮಗೆ ಹೇಳಿದರು. ಅವರಿಗೆ ಸಂಘದ ವಂದನೆಗಳು. ಇಂಥ ಕೆಲಸ ಮಾಡಿಸಿರುವವರು ತಮ್ಮ ಗಾಡಿಯ ಹಿಂದಿನ ವಾಲ್ವ್ ಇದೆಯೋ ಇಲ್ಲವೋ ಇಂದೇ ನೋಡಿಸಿಕೊಳ್ಳಿ. ಅನುಭವವಿದ್ದವರು ಮುಂದಿನ ಸಭೆಗೆ ಬಂದು ನಾಲ್ಕು ಮಾತು ಹೇಳಿದರೆ ಉಪಕಾರವಾಗುತ್ತದೆ.

ಸಂಘದ ಪರವಾಗಿ,
ಕಾರ್ಯದರ್ಶಿ