ಅಡುಗೆಕಟ್ಟೆಗೆ ಬೆಳಕು ಎಲ್ಲಿಂದ ಬೀಳಬೇಕು

ಚಾವಣಿಯ ನಡುವಿನ ಬಲ್ಬು ಅಥವಾ ಎದುರು ಗೋಡೆಯ ಟ್ಯೂಬ್‌ಲೈಟು ಇಡೀ ಅಡುಗೆಮನೆಗೆ ಬೆಳಕು ಕೊಡುತ್ತದೆ, ಚಾಕುವಿನ ಕೆಳಗಿನ ಈರುಳ್ಳಿಗೆ ಮಾತ್ರ ಕೊಡುವುದಿಲ್ಲ. ಕಟ್ಟೆಗೆ ಮುಖಮಾಡಿ ನಿಂತವರ ಬೆನ್ನಿಗೆ ದೀಪ, ಎದುರಿಗೆ ಅವರದೇ ನೆರಳು. ಮೇಲೆ ಕಪಾಟು ಮಾಡಿಸಿದರೆ ಕಟ್ಟೆಯ ಹಿಂಬದಿ ಇನ್ನಷ್ಟು ಕಪ್ಪಾಗುತ್ತದೆ. ಕಪಾಟಿನ ತಳಕ್ಕೆ ಎಲ್‌ಇಡಿ ಪಟ್ಟಿ ಹಾಕಿಸುವುದು ಈ ನೆರಳನ್ನು ಕಳೆಯಲು.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕತ್ತಲು ಬೇಕಾದಷ್ಟಿತ್ತು, ಈ ನೆರಳಿನ ಕಾಟ ಮಾತ್ರ ಕಡಿಮೆ. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ, ನೆಲಮಟ್ಟದಲ್ಲಿ ಒಲೆ. ಕುಳಿತು ರೊಟ್ಟಿ ತಟ್ಟುವವರಿಗೆ ಹಗಲಲ್ಲಿ ಬೆಳಕು ಮೇಲಿನಿಂದ ಇಳಿಯುತ್ತಿತ್ತು. ರಾತ್ರಿ ಗೂಡಿನ ಬುಡ್ಡಿಯ ಜೊತೆಗೆ ಒಲೆಯ ಉರಿಯೂ ಮುಖದ ಮುಂದೆಯೇ ಇರುತ್ತಿದ್ದುದರಿಂದ ನೆರಳು ಬೆನ್ನ ಹಿಂದಿನ ಗೋಡೆಗೆ ಹೋಗುತ್ತಿತ್ತು. ಆರ್‌ಸಿಸಿ ಮನೆ, ಗ್ಯಾಸ್ ಒಲೆ ಬಂದಮೇಲೆ ಅಡುಗೆ ಗೋಡೆಗೆ ಒರಗಿದ ಕಟ್ಟೆಯ ಮೇಲೇರಿತು. ದೀಪ ಕೋಣೆಯ ನಡುವೆಯೇ ಉಳಿಯಿತು.

ಅದೇ ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಗೆ ಇಳಿಯುವವರು ದೀಪವನ್ನು ಹೆಲ್ಮೆಟ್ಟಿನ ಹಣೆಯ ಮೇಲೆ ಕಟ್ಟಿಕೊಳ್ಳುತ್ತಾರೆ. ದೀಪ ಕಣ್ಣಿನ ಪಕ್ಕದಲ್ಲಿದ್ದರೆ ವಸ್ತುವಿನ ನೆರಳು ಅದರ ಹಿಂದೆಯೇ ಅಡಗುತ್ತದೆ, ನೋಡುವವರ ಮೈ ಬೆಳಕಿಗೆ ಅಡ್ಡ ಬರುವುದಿಲ್ಲ. ಅಡುಗೆಯವರ ಹಣೆಗೆ ದೀಪ ಕಟ್ಟಲಾಗದು. ಮುಖಕ್ಕೂ ಗೋಡೆಗೂ ನಡುವೆ, ಕಣ್ಣಿಗೆ ಕುಕ್ಕದಂತೆ, ಅದನ್ನು ಇಡಬಹುದು. ಆ ಜಾಗವೇ ಕಪಾಟಿನ ತಳ.

ತಳದಲ್ಲಿ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಹೆಚ್ಚಿನ ಬಡಗಿಗಳು ಪಟ್ಟಿಯನ್ನು ಗೋಡೆಯ ಕಡೆಗೆ ಅಂಟಿಸುತ್ತಾರೆ, ವೈರು ಮರೆಯಾಗುತ್ತದೆಂದು. ಆಗ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಸವರುವ ಬೆಳಕಿನ ಗುಣವನ್ನು ಶಾಸನ ಓದುವವರು ಚೆನ್ನಾಗಿ ಬಲ್ಲರು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನದಂತಹ ಬಂಡೆಬರಹದ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟರೆ ಕೊರೆದ ಗೆರೆಗಳಲ್ಲಿ ನೆರಳು ನಿಂತು ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಡುಗೆಮನೆಯಲ್ಲಿ ಹಾಗೆ ಎದ್ದು ಕಾಣುವುದು ಟೈಲ್ಸ್ ಸಂದಿನ ಜಿಡ್ಡು, ಮೇಸ್ತ್ರಿಯ ಕೈತಪ್ಪು! ಕಪಾಟಿನ ಆಳ ಸುಮಾರು ಒಂದು ಅಡಿ, ಕಟ್ಟೆಯ ಅಗಲ ಎರಡು ಅಡಿ. ಪಟ್ಟಿಯನ್ನು ಕಪಾಟಿನ ಮುಂದಂಚಿನ ಒಳಬದಿಗೆ ಹಾಕಿದರೆ ಬೆಳಕು ಕೈ ಆಡುವ ನಡುಭಾಗಕ್ಕೆ ಬೀಳುತ್ತದೆ. ಅಂಚಿಗೆ ಎರಡು ಬೆರಳಷ್ಟು ಅಡ್ಡಪಟ್ಟಿ ಇಳಿಬಿಟ್ಟರೆ ದೀಪ ಕಣ್ಣಿಗೆ ಹೊಡೆಯುವುದಿಲ್ಲ.

ಇಷ್ಟು ಹತ್ತಿರ ಬಂದ ದೀಪಕ್ಕೆ ಹೆಚ್ಚು ವ್ಯಾಟ್ ಬೇಕಿಲ್ಲ. ಹತ್ತು ಅಡಿ ಎತ್ತರದ ಚಾವಣಿಯ ಬಲ್ಬು ಕಟ್ಟೆಯಿಂದ ಸುಮಾರು ಏಳು ಅಡಿ ಮೇಲಿದ್ದರೆ, ಕಪಾಟಿನ ತಳ ಸುಮಾರು ಒಂದೂಮುಕ್ಕಾಲು ಅಡಿ ಮೇಲಿರುತ್ತದೆ. ಬಿಂದುವಿನಂಥ ದೀಪದ ದೂರ ನಾಲ್ಕನೇ ಒಂದು ಪಾಲಾದರೆ ಬೆಳಕು ಹದಿನಾರು ಪಟ್ಟಾಗುತ್ತದೆ. ಉದ್ದಕ್ಕೆ ಹರಡಿದ ಪಟ್ಟಿಗೆ ಈ ಲೆಕ್ಕ ಪೂರ್ತಿ ಹೊಂದದಿದ್ದರೂ ಲಾಭ ಹಲವು ಪಟ್ಟು. ಹೆಚ್ಚುವ, ಆರಿಸುವ ಕೆಲಸಕ್ಕೆ 300ರಿಂದ 500 ಲಕ್ಸ್ ಸಾಕು; ಲಕ್ಸ್ ಎಂದರೆ ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್. ಎರಡು ಮೀಟರ್ ಉದ್ದ, 60 ಸೆಂ.ಮೀ. ಅಗಲದ ಕಟ್ಟೆಗೆ 400 ಲಕ್ಸ್ ಬೇಕೆಂದರೆ 480 ಲ್ಯೂಮೆನ್ ಅಲ್ಲಿ ಬೀಳಬೇಕು. ಅರ್ಧ ಬೆಳಕು ಗೋಡೆಗೂ ಪಟ್ಟಿಯ ಮುಚ್ಚಳಕ್ಕೂ ಹೋಯಿತೆಂದರೂ ಸುಮಾರು 1,000 ಲ್ಯೂಮೆನ್‌ನ ಪಟ್ಟಿ ಸಾಲುತ್ತದೆ. ವ್ಯಾಟಿಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿಯಲ್ಲಿ ಅದು 10 ವ್ಯಾಟ್. ದಿನಕ್ಕೆ ನಾಲ್ಕು ತಾಸು ಉರಿದರೆ ತಿಂಗಳಿಗೆ ಒಂದೂಕಾಲು ಯೂನಿಟ್ಟೂ ದಾಟದು. ಜೆಸ್ಕಾಂ ಬಿಲ್ಲಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಹಿಂದಿನ 40 ವ್ಯಾಟಿನ ಬುರುಡೆ ಬಲ್ಬು ಇದರ ನಾಲ್ಕು ಪಟ್ಟು ಕರೆಂಟು ತಿಂದು ಅರ್ಧದಷ್ಟು ಬೆಳಕನ್ನೂ ಕೊಡುತ್ತಿರಲಿಲ್ಲ.

ಬೆಳಕಿನ ಪ್ರಮಾಣಕ್ಕಿಂತ ಜನ ಎಡವುವುದು ಬಣ್ಣದಲ್ಲಿ. ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಬೆಳಕಿನ ಚಿಪ್ಪು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಚಿಪ್ಪಿಗೆ ಬಳಿದ ಹಳದಿ ಫಾಸ್ಫರ್ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಬಿಳಿಯೆನಿಸುತ್ತದೆ. ಈ ಬಿಳಿಯಲ್ಲಿ ಗಾಢ ಕೆಂಪು ಕಡಿಮೆ. ಅಗ್ಗದ ಪಟ್ಟಿಯ ಕೆಳಗೆ ಬ್ಯಾಡಗಿ ಮೆಣಸಿನ ಖಾರಪುಡಿ ಕಳೆಗುಂದುತ್ತದೆ, ಒಗ್ಗರಣೆಯ ಬೆಳ್ಳುಳ್ಳಿ ಕೆಂಪಗಾಯಿತೋ ಸೀದಿತೋ ತಿಳಿಯುವುದಿಲ್ಲ. ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರುತ್ತದೆ ಎಂಬುದರ ಅಳತೆ ಸಿಆರ್‌ಐ, ನೂರಕ್ಕೆ ನೂರು ಅದರ ಮೇಲ್ಮಿತಿ. ಅಡುಗೆಗೆ 90 ದಾಟಿದ್ದು ಒಳ್ಳೆಯದು. ಪೆಟ್ಟಿಗೆಯ ಮೇಲೆ ಬರೆದಿಲ್ಲವಾದರೆ 80ರ ಆಸುಪಾಸು ಎಂದುಕೊಳ್ಳುವುದೇ ಕ್ಷೇಮ. ಬಿಳುಪಿನ ಛಾಯೆಯನ್ನು ಹೇಳುವ ಕೆಲ್ವಿನ್ ಅಂಕಿ ಬೇರೆಯೇ ಸಂಗತಿ: 2,700 ಬುಡ್ಡಿ ದೀಪದ ಹಳದಿಯ ಕಡೆಗೆ, 6,500 ನೀಲಿಬಿಳುಪಿನ ಕಡೆಗೆ. ಅಂಗಡಿಯಲ್ಲಿ ಪ್ರಖರವೆನಿಸುವ 6,500ಕ್ಕಿಂತ 4,000ದ ಆಸುಪಾಸಿನದು ಕಟ್ಟೆಗೆ ಹಿತ.

ಕಟ್ಟೆಗೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಹಾಕಿದ್ದರೆ ಇನ್ನೊಂದು ತೊಂದರೆ. ಅದು ಬೆಳಕನ್ನು ಚೆದುರಿಸುವುದಿಲ್ಲ, ಕನ್ನಡಿಯಂತೆ ದೀಪವನ್ನೇ ತೋರಿಸುತ್ತದೆ: ಪಟ್ಟಿಯ ಒಂದೊಂದು ಚುಕ್ಕಿಯೂ ಕಲ್ಲಿನೊಳಗೆ ಸಾಲಾಗಿ ಹೊಳೆಯುತ್ತದೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನಲ್ಲಿನೊಳಗೆ ಪಟ್ಟಿ ಕೂರಿಸಿದರೆ ಚುಕ್ಕಿಗಳು ಒಂದೇ ಗೆರೆಯಾಗುತ್ತವೆ.

ಚಾನಲ್ಲು ಬೇಕಾಗುವುದು ಅಂದಕ್ಕಿಂತ ಹೆಚ್ಚಾಗಿ ಕಾವಿಗೆ. ಎಲ್‌ಇಡಿ ತಾನು ಎಳೆದ ವಿದ್ಯುತ್ತಿನ ದೊಡ್ಡ ಪಾಲನ್ನು ಚಿಪ್ಪಿನಲ್ಲೇ ಬಿಸಿಯಾಗಿ ಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ, ಕೆಳಗೆ ಒಲೆಯೂ ಉರಿಯುತ್ತಿರುವಾಗ, ಬರಿ ಪ್ಲೈವುಡ್ಡಿಗೆ ಅಂಟಿಸಿದ ಪಟ್ಟಿಯ ಅಂಟು ಬಿಟ್ಟು ಜೋತುಬೀಳುತ್ತದೆ, ಬೆಳಕೂ ಬೇಗ ಮಂಕಾಗುತ್ತದೆ. ಲೋಹ ಆ ಕಾವನ್ನು ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಒಲೆಯ ನೇರ ಮೇಲಿನ ಜಾಗವನ್ನು ಹೊಗೆ ಎಳೆಯುವ ಚಿಮಣಿಯಲ್ಲಿರುವ ದೀಪಕ್ಕೇ ಬಿಡಬೇಕು. ತೊಳೆಯುವ ಸಿಂಕಿನ ಮೇಲೆ ನೀರು ತಾಗದಂತೆ ಮುಚ್ಚಿದ ಐಪಿ65 ಪಟ್ಟಿ ಸರಿ.

ಪಟ್ಟಿಗಳು 12 ಅಥವಾ 24 ವೋಲ್ಟಿನವು. ಎರಡು ಮೀಟರಿಗೆ ಯಾವುದಾದರೂ ನಡೆಯುತ್ತದೆ. ‘ಎಲ್’ ಆಕಾರದ ನಾಲ್ಕೈದು ಮೀಟರ್ ಕಟ್ಟೆಗೆ 24 ವೋಲ್ಟಿನದೇ ಮೇಲು: ಅಷ್ಟೇ ವ್ಯಾಟಿಗೆ ಅರ್ಧ ಕರೆಂಟು ಹರಿಯುವುದರಿಂದ ತಾಮ್ರದಲ್ಲಿ ಕಳೆಯುವ ವಿದ್ಯುತ್ತು ಕಾಲುಭಾಗಕ್ಕಿಳಿದು ಪಟ್ಟಿಯ ತುದಿ ಮಂಕಾಗುವುದಿಲ್ಲ. ಮನೆಯ 230 ವೋಲ್ಟನ್ನು ಇಳಿಸಿಕೊಡುವ ಡ್ರೈವರ್ ಪೆಟ್ಟಿಗೆ ಕಳಪೆಯಾದರೆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಮೊಬೈಲ್ ಕ್ಯಾಮೆರಾದಲ್ಲಿ ಹಲವು ಸಲ ಅಡ್ಡಗೆರೆಗಳಾಗಿ ಸಿಕ್ಕಿಬೀಳುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೋಡಿಕೊಳ್ಳಬಹುದು. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಚಿಪ್ಪಿಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಈ ಡ್ರೈವರೇ. ಅದನ್ನು ಕಪಾಟಿನ ಹಿಂದೆ ಹೂತಿಡದೆ, ಬಾಗಿಲು ತೆರೆದರೆ ಕೈಗೆ ಸಿಗುವಂತೆ ಮೇಲಿನ ಅರೆಯಲ್ಲಿ, ಗಾಳಿಯಾಡುವ ಕಡೆ ಕೂರಿಸಿರಬೇಕು.