ಹೆಡ್‌ಫೋನಿನ ಗುಂಯ್ ಸದ್ದು ಮತ್ತು ಒಣನೆಲದ ಅರ್ಥಿಂಗ್

ಲ್ಯಾಪ್‌ಟಾಪಿಗೆ ಜೋಡಿಸಿದ ಹೆಡ್‌ಫೋನಿನಲ್ಲಿ ಹಾಡು ನಿಂತ ಮೇಲೂ ಉಳಿಯುವ ಸದ್ದುಗಳೆಲ್ಲ ಒಂದೇ ಮೂಲದವಲ್ಲ. ಸಣ್ಣಗೆ ಸುಯ್ಗುಡುವ ಸದ್ದು ಬಿಡಿಭಾಗಗಳೊಳಗಿನ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದಲೂ ಹುಟ್ಟುವುದರಿಂದ ಅದನ್ನು ಪೂರ್ತಿ ಅಳಿಸಲಾಗದು. ಪಿನ್ನನ್ನು ತಿರುಗಿಸಿದಾಗ ಬರುವ ಕರಕರ ಸದ್ದಿಗೆ ರಂಧ್ರದಲ್ಲಿ ಕೂತ ಧೂಳೋ ಸಡಿಲಗೊಂಡ ತಂತಿಯೋ ಕಾರಣವಾಗಿರುತ್ತದೆ. ಹೆಚ್ಚು ಕಾಡುವುದು, ಚಾರ್ಜರ್ ಹಾಕಿದಾಗ ಮಾತ್ರ ಕೇಳಿಸಿ, ಅದನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದೊಡನೆ ಅಡಗುವ ಗುಂಯ್ ಸದ್ದು. ಇದಕ್ಕೆ ಹೊಸ ಹೆಡ್‌ಫೋನ್ ಕೊಳ್ಳುವುದು ಹಣ ಕಳೆದುಕೊಳ್ಳುವ ದಾರಿಯಷ್ಟೆ.

230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಮನೆಯ ವಿದ್ಯುತ್ತನ್ನು ಸುಮಾರು 20 ವೋಲ್ಟಿನ ನೇರ ವಿದ್ಯುತ್ತಾಗಿಸುವ ಚಾರ್ಜರಿನೊಳಗೆ, ಕಿರಿಕಿರಿಯ ತರಂಗಗಳನ್ನು ತಡೆಯಲೆಂದು ಎರಡು ಬದಿಗಳ ನಡುವೆ ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತ್ಯಲ್ಪ ವಿದ್ಯುತ್ ಲ್ಯಾಪ್‌ಟಾಪಿನ ಕವಚಕ್ಕೆ ಸೋರುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥಿಂಗ್ ತಂತಿ, ಅದನ್ನು ನೆಲಕ್ಕಿಳಿಸಬೇಕು. ದಾರಿ ಸಿಗದಿದ್ದರೆ ಲೋಹದ ಕವಚ ಮುಟ್ಟಿದ ಕೈ ಜುಮ್ಮೆನ್ನುತ್ತದೆ. ಆ 50 ಆವರ್ತಗಳೂ ಅವುಗಳ ಗುಣಿತಗಳೂ ಧ್ವನಿಯಲ್ಲಿ ಬೆರೆಯುತ್ತವೆ. ಕವಚ ಮುಟ್ಟಿದಾಗ ಸದ್ದು ಬದಲಾದರೆ ಸಂಶಯ ಅರ್ಥಿಂಗಿನ ಮೇಲೇ ಬೀಳಬೇಕು.

ಅರ್ಥಿಂಗ್ ತಂತಿ ಕೊನೆಗೆ ಸೇರುವ ಮಣ್ಣು ವಿದ್ಯುತ್ತನ್ನು ಒಯ್ಯುವುದು ಬಹುಪಾಲು ತನ್ನ ತೇವದಲ್ಲಿ ಕರಗಿದ ಲವಣಗಳಿಂದ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು ಮಳೆ ಕಡಿಮೆಯ ಸೀಮೆ. ಬೇಸಗೆಯಲ್ಲಿ ಮಸಾರಿ ನೆಲ ಬೇಗ ಒಣಗುತ್ತದೆ, ಎರೆ ನೆಲವಾದರೆ ಬಿರುಕುಬಿಟ್ಟು ಅರ್ಥಿಂಗ್ ಪೈಪಿನಿಂದ ಸರಿಯುತ್ತದೆ. ಆ ಪೈಪ್ ಹೂತ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಆಗಾಗ ನೀರು ಹೊಯ್ಯುವ ವಾಡಿಕೆ ಇದಕ್ಕೇ: ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ವಾಹಕವಾಗಿಸುತ್ತದೆ. ಆದರೆ ಪ್ಲಗ್ಗಿನಿಂದ ಗುಂಡಿಯವರೆಗೆ ತಂತಿಯೇ ಇಲ್ಲದ ಮನೆಯಲ್ಲಿ ಎಷ್ಟು ನೀರು ಸುರಿದರೂ ವ್ಯರ್ಥ. ಎರಡು ಪಿನ್ನಿನ ಚಾರ್ಜರಿಗಂತೂ ಇಳಿಯುವ ದಾರಿಯೇ ಇರುವುದಿಲ್ಲ.

ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ತೊಂದರೆ ತಿರುವುಮುರುವಾಗುತ್ತದೆ. ಎರಡೂ ಬೇರೆಬೇರೆ ಪ್ಲಗ್ಗುಗಳಿಂದ ನೆಲಕ್ಕಿಳಿದಿದ್ದರೆ, ಆ ಎರಡು ದಾರಿಗಳೂ ಧ್ವನಿತಂತಿಯೂ ಸೇರಿ ಒಂದು ಬಳೆಯಾಗಿ, ಅದರಲ್ಲಿ ಹರಿಯುವ ವಿದ್ಯುತ್ತೇ ಗುಂಯ್‌ಗುಡುತ್ತದೆ. ಸದ್ದು ನಿಲ್ಲಿಸಲು ಅರ್ಥ್ ಪಿನ್ನನ್ನೇ ಮುರಿಯುವವರುಂಟು. ಒಳಗೆ ನಿರೋಧಕ ಕೆಟ್ಟ ದಿನ ಅಂಥ ಉಪಕರಣದ ಕವಚಕ್ಕೆ ಪೂರ್ತಿ 230 ವೋಲ್ಟ್ ಬರಬಹುದು. ಎರಡನ್ನೂ ಒಂದೇ ಬೋರ್ಡಿನಿಂದ ನಡೆಸಿದರೆ, ಅಥವಾ ಧ್ವನಿತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರಿಸಿದರೆ, ಪಿನ್ನಿಗೆ ಕೈಹಚ್ಚದೆಯೇ ಸದ್ದು ತಗ್ಗುತ್ತದೆ.