ಕಾನೂನಿನ ರದ್ದತಿಗೆ ವಿಶೇಷ ಬಹುಮತ

ನ್ಯಾಯಪೀಠದಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯಾಯಮೂರ್ತಿಗಳ ಅಭಿಪ್ರಾಯವೇ ಸಾಮಾನ್ಯವಾಗಿ ತೀರ್ಪಾಗುತ್ತದೆ. ಆದರೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸಂವಿಧಾನವು, ಶಾಸನವೊಂದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಲು ಅಲ್ಲಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಐವರ ಸಮ್ಮತಿಯನ್ನು, ಅಂದರೆ ವಿಶೇಷ ಬಹುಮತವನ್ನು, ಕಡ್ಡಾಯಗೊಳಿಸಿದೆ. ಜನಪ್ರತಿನಿಧಿಗಳು ರೂಪಿಸಿದ ಕಾನೂನು ಒಂದೇ ಮತದ ಅಂತರದಲ್ಲಿ ಬೀಳಬಾರದೆಂಬುದು ಸಮರ್ಥಕರ ವಾದ.

ಈ ನಿಯಮದ ಪರಿಣಾಮ 2015ರ ಜನವರಿಯಲ್ಲಿ ಕೀಸ್ಟೋನ್ ಎಕ್ಸ್‌ಎಲ್ ತೈಲ ಕೊಳವೆಮಾರ್ಗದ ಪ್ರಕರಣದಲ್ಲಿ ಎದ್ದುಕಂಡಿತು. ಮಾರ್ಗಕ್ಕೆ ಒಪ್ಪಿಗೆ ನೀಡುವ ಅಧಿಕಾರವನ್ನು ಗವರ್ನರ್‌ಗೆ ಕೊಟ್ಟ 2012ರ ಕಾನೂನನ್ನು ಭೂಮಾಲೀಕರು ಪ್ರಶ್ನಿಸಿದ್ದರು. ನಾಲ್ವರು ನ್ಯಾಯಮೂರ್ತಿಗಳು ಅದು ಅಸಾಂವಿಧಾನಿಕವೆಂದರೆ, ಉಳಿದ ಮೂವರು ಅರ್ಜಿದಾರರಿಗೆ ದಾವೆ ಹೂಡುವ ಹಕ್ಕೇ ಇಲ್ಲವೆಂದು ಹೇಳಿ, ಕಾನೂನಿನ ಸಿಂಧುತ್ವದ ಬಗ್ಗೆ ಏನನ್ನೂ ಹೇಳಲಿಲ್ಲ. ಒಬ್ಬ ನ್ಯಾಯಮೂರ್ತಿಯೂ ಸರಿಯೆಂದು ಎತ್ತಿಹಿಡಿಯದ ಕಾನೂನು ಹೀಗೆ ಉಳಿದುಕೊಂಡಿತು. ಬಹುಮತದ ವಿವೇಚನೆಗಿಂತ ಅಲ್ಪಮತದ ಮೌನಕ್ಕೆ ಹೆಚ್ಚು ಬಲ ಕೊಡುವ ಇಂಥ ವ್ಯವಸ್ಥೆ ಪ್ರಜೆಯ ಹಕ್ಕನ್ನು ದುರ್ಬಲಗೊಳಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ಭಾರತಕ್ಕೂ ಇದು ಅಪರಿಚಿತವಲ್ಲ. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯು 228ಎ ವಿಧಿಯನ್ನು ಸೇರಿಸಿ, ರಾಜ್ಯದ ಕಾನೂನನ್ನು ಹೈಕೋರ್ಟು ಅಸಿಂಧುಗೊಳಿಸಬೇಕಾದರೆ ಸಾಮಾನ್ಯವಾಗಿ ಕನಿಷ್ಠ ಐವರ ಪೀಠವೂ ಮೂರನೇ ಎರಡರಷ್ಟು ಬಹುಮತವೂ ಬೇಕೆಂದು ವಿಧಿಸಿತ್ತು; ಜನತಾ ಸರ್ಕಾರದ ಕಾಲದ 43ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು.